ಬೋರ್ಡಿನ ಮೂಲೆಯ ನಂಬರು

ಮಾವನಿಗೆ ಈಗೀಗ ಬಚ್ಚಲುಮನೆ ಯಾವ ಕಡೆಗಿದೆ ಎಂಬುದೂ ಮರೆತುಹೋಗುತ್ತಿತ್ತು. ಕಟ್ಟಿಕೊಂಡ ಹೆಂಡತಿಯನ್ನು ‘ಅಕ್ಕಾವ್ರೇ’ ಎಂದು ಕರೆದು ನೀರು ಕೇಳುತ್ತಿದ್ದರು. ದೊಡ್ಡ ಮಗನನ್ನು ನಲ್ಲಿ ರಿಪೇರಿಗೆ ಬಂದವನೆಂದುಕೊಂಡು ‘ಬೇಗ ಮುಗಿಸಪ್ಪ’ ಎನ್ನುತ್ತಿದ್ದರು. ಅವನ ಕಸುಬು ಅದೇ ಆದ್ದರಿಂದ ಇದನ್ನು ಪೂರ್ತಿ ಮರೆವು ಅನ್ನುವಂತೆಯೂ ಇರಲಿಲ್ಲ. ಸೊಸೆಯಂತೂ ಅವರ ಪಾಲಿಗೆ ದಿನಕ್ಕೊಬ್ಬ ಹೊಸ ಹೆಂಗಸು. ಆದರೆ ಮನೆಯ ಫೋನ್ ನಂಬರು ಕೇಳಿ ನೋಡಿ, ನಿದ್ದೆಗಣ್ಣಿನಲ್ಲೂ ಹತ್ತಕ್ಕೆ ಹತ್ತು ಅಂಕಿಯನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಿದ್ದರು.

ಹೇಳದೆ ಏನು? ಊರಿನ ಅರ್ಧ ಅಂಗಡಿಗಳ ಬೋರ್ಡು ಬರೆದವರು ಅವರು. ದೊಡ್ಡ ಅಕ್ಷರ, ಅದರ ಹಿಂದೆ ನೆರಳು, ಅಂಚಿಗೊಂದು ಕೆಂಪು ಗೆರೆ, ಕೊನೆಗೆ ಬಲಗಡೆಯ ಕೆಳಮೂಲೆಯಲ್ಲಿ ಸಣ್ಣದಾಗಿ ಆ ನಂಬರು. ಫೋನು ಮಾತ್ರ ಅವರ ಜೇಬಿನಲ್ಲಿ ಇದ್ದದ್ದೇ ಇಲ್ಲ. ಏಣಿ ಮೇಲೆ ನಿಂತು ಕೈತುಂಬ ಬಣ್ಣ ಮೆತ್ತಿಕೊಂಡವನಿಗೆ ಫೋನೇಕೆ ಎಂದು ಅದನ್ನು ಮನೆಯಲ್ಲೇ ಹೆಂಡತಿಯ ಕೈಗೆ ಕೊಟ್ಟಿದ್ದರು. ಕೆಲಸ ಹಿಡಿಯುವುದು, ಅಳತೆ ಕೇಳುವುದು, ತಡವಾದರೆ ಬೈಸಿಕೊಳ್ಳುವುದು ಎಲ್ಲ ಅತ್ತೆಯ ಪಾಲು. ಸಂಜೆ ಏಣಿ ಇಳಿದ ಮೇಲೆ ಅಂಗಡಿಯವರ ಫೋನು ಕೇಳಿ ಪಡೆದು, ಆ ನಂಬರಿಗೇ ಮಾಡಿ, ‘ಹೊರಟೆ. ಅನ್ನಕ್ಕಿಡು’ ಎಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ಸೊಸೆಗೆ ಇದು ತಮಾಷೆಯಾಗಿ ಕಂಡಿತ್ತು.

“ಇನ್ನೇನೂ ಹೇಳಲ್ವಾ ಅತ್ತೆ?” ಎಂದು ಕೇಳಿದ್ದಳು.

“ಇನ್ನೇನು ಹೇಳ್ಬೇಕು? ಬರ್ತಾರೆ, ಉಣ್ತಾರೆ,” ಎಂದಿದ್ದರು ಅತ್ತೆ.

ಈಗ ಏಣಿ ಹಿತ್ತಲಿನಲ್ಲಿ ಒರಗಿತ್ತು, ಮಾವ ಮಾತ್ರ ಕಣ್ಣು ತಪ್ಪಿಸಿ ಹೊರಟುಬಿಡುತ್ತಿದ್ದರು. ನಡೆದು ನಡೆದು ದಾರಿ ತಪ್ಪಿದ ಮೇಲೆ ತಾವು ಬರೆದ ಯಾವುದಾದರೂ ಬೋರ್ಡು ಕಂಡರೆ ಅದರ ಕೆಳಗೆ ನಿಂತು, ಮೂಲೆಯ ನಂಬರಿಗೆ ಬೆರಳು ತೋರಿಸಿ, ‘ಇದು ನಮ್ದೇ, ಒಂದು ಫೋನ್ ಹಾಕಿ’ ಎನ್ನುತ್ತಿದ್ದರು. ಬ್ರೆಡ್ ಅಂಗಡಿಯವರೋ ಕ್ಷೌರದಂಗಡಿಯವರೋ ಫೋನ್ ಮಾಡುತ್ತಿದ್ದರು. ಮನೆಯಿಂದ ಯಾರಾದರೂ ಓಡಿ ಹೋಗಿ ಕರೆದುಕೊಂಡು ಬರುತ್ತಿದ್ದರು. ಹಾಗಾಗಿ ಅತ್ತೆ ಆ ಹಳೇ ಗುಂಡಿ ಫೋನನ್ನು ಬಟ್ಟೆಯ ಸಣ್ಣ ಚೀಲದಲ್ಲಿ ಹಾಕಿ ಕೊರಳಿಗೇ ತೂಗುಹಾಕಿಕೊಂಡಿದ್ದರು. ಆ ಫೋನು ಬಾಯಿ ಮುಚ್ಚಿದರೆ ಮಾವ ಕಳೆದುಹೋದಂತೆಯೇ ಎಂದು ಮನೆಯವರಿಗೆಲ್ಲ ಗೊತ್ತಿತ್ತು.

ಆ ಫೋನಿಗೇ ಒಂದು ದಿನ ಕಂಪನಿಯಿಂದ ಮೆಸೇಜು ಬಂತು. ಸೊಸೆ ಊಟದ ಹೊತ್ತಿನಲ್ಲಿ ಓದಿ ಹೇಳಿದಳು: ಮುಂದಿನ ತಿಂಗಳ ಕೊನೆಗೆ ಹಳೇ ನೆಟ್‌ವರ್ಕ್ ನಿಲ್ಲುತ್ತದೆ, ಹಳೇ ಫೋನುಗಳಲ್ಲಿ ಕರೆ ಬರುವುದಿಲ್ಲ, ಹೊಸ ಫೋನು ಮಾಡಿಕೊಳ್ಳಿ.

“ಬೇರೆ ಕಂಪನಿಗೆ ಹೋದ್ರಾಯ್ತು,” ಎಂದ ಅವಳ ಗಂಡ ಮೊಟ್ಟೆ ಸುಲಿಯುತ್ತ.

“ಬೇರೆ ಯಾವ ಕಂಪನಿ ಸಿಗ್ನಲ್ ಈ ಓಣಿ ಒಳಗೆ ಬರುತ್ತಪ್ಪ? ನೀನೇ ನೋಡಿದ್ದೀಯಲ್ಲ, ಮಾತಾಡೋಕೆ ಟೆರೇಸ್ ಹತ್ತಬೇಕು,” ಎಂದಳು ಅವರಿಬ್ಬರ ಮಗಳು.

ಅಷ್ಟರಲ್ಲಿ ಮೈದುನ ರಜೆಗೆ ಬಂದ. ಅವನು ಸರಕಿನ ಹಡಗಿನಲ್ಲಿ ಅಡುಗೆಯವನು. ವರ್ಷದಲ್ಲಿ ಹೆಚ್ಚು ಕಾಲ ನೀರಿನ ಮೇಲೆ, ಉಳಿದ ಕೆಲವು ವಾರ ಅಮ್ಮನ ಅಡುಗೆಮನೆಯಲ್ಲಿ. ಮೆಸೇಜಿನ ಸುದ್ದಿ ಅವನಿಗೆ ಅಣ್ಣನಿಂದ ಮೊದಲೇ ಹೋಗಿತ್ತು. ಬಂದವನೇ ಬ್ಯಾಗಿನಿಂದ ಒಂದು ಹೊಳೆಯುವ ಫೋನು ತೆಗೆದು ಅಮ್ಮನ ಮಡಿಲಲ್ಲಿಟ್ಟ. ಯಾವುದೋ ಬಂದರಿನಲ್ಲಿ ಇಳಿದಾಗ ಅರ್ಧ ದಿನ ಅಲೆದು ಆರಿಸಿದ್ದಂತೆ. ಅತ್ತೆಯ ಮುಖ ಊರಗಲವಾಯಿತು.

“ಅನ್‌ಲಾಕ್ ಫೋನಮ್ಮ ಇದು. ಯಾವ ಕಂಪನಿ ಸಿಮ್ ಹಾಕಿದ್ರೂ ನಡೆಯುತ್ತೆ,” ಎಂದ.

ಸೊಸೆ ಫೋನನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ಅವಳು ಬಟ್ಟೆ ಕಾರ್ಖಾನೆಯಲ್ಲಿ ಚೆಕಿಂಗ್ ಟೇಬಲ್ಲಿನವಳು. ದಿನವಿಡೀ ಅಂಗಿಗಳನ್ನು ಮಗುಚಿ ಹೊಲಿಗೆ ಎಳೆದು, ಗುಂಡಿ ಜಗ್ಗಿ, ತಪ್ಪಿದ್ದ ಕಡೆ ಕೆಂಪು ಬಾಣ ಅಂಟಿಸಿ, ಸರಿಯಿದ್ದರೆ ಹಸಿರು ಚುಕ್ಕಿ ಅಂಟಿಸುವುದು ಕೆಲಸ. ಮನೆಗೆ ಬಂದ ಮೇಲೂ ಕಣ್ಣು ಸುಮ್ಮನಿರುತ್ತಿರಲಿಲ್ಲ. ಸೊಪ್ಪಿನ ಕಟ್ಟು ಬಿಚ್ಚದೆ ಕೊಂಡವಳಲ್ಲ. ಮೈದುನ ಅವಳಿಗೆ ‘ಚೆಕಿಂಗ್ ಮೇಡಂ’ ಎಂದು ಹೆಸರಿಟ್ಟು ಎಷ್ಟೋ ವರ್ಷವಾಗಿತ್ತು.

“ತುಂಬ ಚೆನ್ನಾಗಿದೆ. ಆದ್ರೂ ಕಂಪನಿ ಅಂಗಡೀಲಿ ಒಂದ್ಸಲ ತೋರಿಸ್ಕೊಂಡು ಬರೋಣ. ಬೀಗ ತೆಗೆದಿದ್ರೂ ಅದು ನಮ್ಮ ಟವರಿಗೆ ಒಗ್ಗಬೇಕಂತೆ. ಫೋನಿನೊಳಗೆ ಹದಿನೈದು ಅಂಕಿ ನಂಬರಿರುತ್ತೆ, ಅದನ್ನ ಹಾಕಿ ನೋಡಿ ಹೇಳ್ತಾರಂತೆ,” ಎಂದಳು.

ಮೈದುನನ ನಗು ಅಲ್ಲಿಗೇ ನಿಂತಿತು. “ಅತ್ತಿಗೆ, ಇದು ನಿಮ್ಮ ಕಾರ್ಖಾನೆ ಅಂಗಿಯಲ್ಲ. ನಾನು ತಂದದ್ದನ್ನೂ ಚೆಕ್ ಮಾಡ್ಬೇಕಾ?”

“ನಿಮ್ಮನ್ನ ಚೆಕ್ ಮಾಡ್ತೀನಿ ಅಂದ್ನಾ? ಫೋನನ್ನ ಅಂದೆ.”

“ಎರಡೂ ಒಂದೇ!”

“ಅದು ಹೇಗೆ ಒಂದೇ ಆಗುತ್ತೆ?”

“ಸಾಕು ನಿಲ್ಸಿ,” ಎಂದರು ಅತ್ತೆ. “ಅಷ್ಟು ದೂರದಿಂದ ನೆನಪಿಟ್ಕೊಂಡು ತಂದಿದ್ದಾನೆ. ಅದರಲ್ಲೂ ಕೊಕ್ಕೆ ಹುಡುಕ್ಬೇಡ ನೀನು. ವರ್ಷಕ್ಕೊಂದ್ಸಲ ಬರೋ ಮಗ.”

ಸೊಸೆಗೆ ಚುರ್ರೆಂದಿತು. ವರ್ಷವಿಡೀ ಇಲ್ಲೇ ಇದ್ದು ಮಾವನನ್ನು ಓಣಿ ಓಣಿ ಹುಡುಕಿ ತರುವವಳು ತಾನು. ಆದರೆ ದಿನವೂ ಕಾಣುವ ಮುಖಕ್ಕೆ ಬೆಲೆ ಕಮ್ಮಿ ಎಂದುಕೊಂಡಳು. ಗಂಡನ ಕಡೆ ನೋಡಿದಳು. ಅವನು ಹೆಂಡತಿಗೂ ತಮ್ಮನಿಗೂ ನಡುವೆ ಸಿಕ್ಕಿಕೊಳ್ಳಲು ಇಷ್ಟವಿಲ್ಲದೆ, ಸೋರದ ನಲ್ಲಿಯನ್ನು ಬಿಗಿ ಮಾಡಲು ಬಚ್ಚಲಿಗೆ ಹೋದ.

ಎರಡು ದಿನ ಅತ್ತಿಗೆ ಮೈದುನರ ನಡುವೆ ಮಾತಿಲ್ಲ. ಮಗಳು ಅಂಚೆಯವಳಂತೆ ಓಡಾಡಿದಳು. “ಚಿಕ್ಕಪ್ಪನಿಗೆ ಇನ್ನೊಂದು ಚಪಾತಿ ಬೇಕಾ ಅಂತ ಅಮ್ಮ ಕೇಳ್ತಿದ್ದಾಳೆ.” “ಬೇಡ ಅಂತ ಹೇಳು ನಿಮ್ಮಮ್ಮಂಗೆ. ಹಾಗೇ ಚಪಾತಿ ಚೆನ್ನಾಗಿದೆ ಅಂತಾನೂ ಹೇಳು.” ಮೂರನೆಯ ದಿನ ಮೈದುನ ಬೀದಿ ಕೊನೆಯ ರೀಚಾರ್ಜ್ ಅಂಗಡಿಯಲ್ಲಿ ಹಳೇ ಸಿಮ್ಮನ್ನು ಸಣ್ಣದಾಗಿ ಕತ್ತರಿಸಿಕೊಂಡು ಬಂದು, ಹೊಸ ಫೋನಿಗೆ ಹಾಕಿ, ಅದನ್ನು ಮನೆಯ ವೈಫೈಗೂ ಸೇರಿಸಿ, ಎಲ್ಲರನ್ನೂ ನಡುಮನೆಗೆ ಕರೆದ.

“ಬನ್ನಿ ಮೇಡಂ, ನೀವೇ ಚೆಕ್ ಮಾಡಿ.”

ಸೊಸೆ ಅಡುಗೆಮನೆಯಿಂದ ತನ್ನ ಫೋನಿನಲ್ಲಿ ನಂಬರು ಒತ್ತಿದಳು. ನಡುಮನೆಯಲ್ಲಿ ಹೊಸ ಫೋನು ಠೀವಿಯಿಂದ ಹಾಡಿತು. ಹಿತ್ತಲಿನಿಂದ ಮಾಡಿದಳು, ಹಾಡಿತು. ಬಾಗಿಲಾಚೆ ಮೆಟ್ಟಿಲ ಮೇಲೆ ನಿಂತು ಮಾಡಿದಳು, ಆಗಲೂ ಹಾಡಿತು. ಮಾವ ಎದ್ದು ನಿಂತು, “ಫೋನ್ ತಗೊಳ್ರಿ, ಗಿರಾಕಿ ಇರ್ಬೇಕು,” ಎಂದರು. ಎಲ್ಲರೂ ನಕ್ಕರು.

ತಪ್ಪು ಒಪ್ಪಿಕೊಳ್ಳಲು ಸೊಸೆಗೆ ಎಂದೂ ಬಿಗುಮಾನವಿರಲಿಲ್ಲ. ಚೀಲದಿಂದ ಕಾರ್ಖಾನೆಯ ಹಸಿರು ಚುಕ್ಕಿಯೊಂದನ್ನು ತೆಗೆದು ಫೋನಿನ ಬೆನ್ನಿಗೆ ಅಂಟಿಸಿದಳು. “ಪಾಸ್! ಸಂತೋಷನಾ?”

“ಚಪಾತಿ ತಗೊಂಡು ಬನ್ನಿ, ಸಂತೋಷ ಆಗ್ತೀನಿ,” ಎಂದ ಮೈದುನ. ಅತ್ತೆ ಹೊಸ ಫೋನನ್ನು ಬಟ್ಟೆಚೀಲಕ್ಕೆ ಇಳಿಸಿಕೊಂಡರು. ಸೊಸೆ ಕಸ ಗುಡಿಸುವಾಗ ಸಿಮ್ ಕತ್ತರಿಸಿದ ಮೇಲೆ ಉಳಿದು, ಅದರ ಜೊತೆಗೇ ಅಂಗಡಿಯಿಂದ ಬಂದಿದ್ದ ಪ್ಲಾಸ್ಟಿಕ್ಕಿನ ಚೌಕಟ್ಟು ಸಿಕ್ಕಿತು. ಯಾವುದನ್ನೂ ಎಸೆಯದ ಅಭ್ಯಾಸದಿಂದ ಗುಂಡಿ ಡಬ್ಬಿಗೆ ಹಾಕಿಟ್ಟಳು.

ಆಮೇಲಿನ ವಾರಗಳು ಹಾಯಾಗಿ ಹೋದವು. ಮೈದುನ ಬೆಳಿಗ್ಗೆ ಅಪ್ಪನಿಗೆ ಗಡ್ಡ ಹೆರೆದ, ಉಗುರು ಕತ್ತರಿಸಿದ, ಹಡಗಿನ ಅಡುಗೆ ಮಾಡುತ್ತೇನೆಂದು ಹೋಗಿ ಅತ್ತೆಯ ದೊಡ್ಡ ಪಾತ್ರೆಯ ತಳ ಸೀಯಿಸಿದ. ಒಂದೇ ಒಂದು ಸಲ, ಮಧ್ಯಾಹ್ನದ ಬಿಡುವಿನಲ್ಲಿ ಸೊಸೆ ಕಾರ್ಖಾನೆಯಿಂದ ಫೋನ್ ಮಾಡಿದಾಗ, ‘ವ್ಯಾಪ್ತಿ ಪ್ರದೇಶದಲ್ಲಿಲ್ಲ’ ಎಂಬ ಉತ್ತರ ಬಂತು. ಸಂಜೆ ಕೇಳಿದರೆ ಅತ್ತೆ, “ಆಗ ನಾನು ಸಂತೇಲಿದ್ದೆ. ಗದ್ದಲ ನೋಡು, ಕೇಳಿಸಿಲ್ಲ,” ಎಂದರು. ಕೇಳಿಸದಿರುವುದು ಬೇರೆ, ಹತ್ತದಿರುವುದು ಬೇರೆ ಎಂದು ಸೊಸೆಯ ನಾಲಿಗೆಯ ತುದಿಗೆ ಬಂತು. ಮತ್ತೆ ಕೊಕ್ಕೆ ಹುಡುಕಿದಳು ಎನ್ನಿಸಿಕೊಳ್ಳುವುದೇಕೆಂದು ನುಂಗಿಕೊಂಡಳು. ತಾನೇ ಅಂಟಿಸಿದ ಹಸಿರು ಚುಕ್ಕಿ ಅವಳ ಬಾಯಿಗೆ ಬೀಗ ಹಾಕಿತ್ತು.

ಒಂದು ರಜಾದಿನ ಲೈನ್ ರಿಪೇರಿಯೆಂದು ಬೆಳಿಗ್ಗೆಯಿಂದಲೇ ಕರೆಂಟು ತೆಗೆದಿದ್ದರು. ಗಂಡ ಯಾರದೋ ಮನೆಯ ನೀರಿನ ಟ್ಯಾಂಕು ಒಡೆದಿದೆಯೆಂದು ಹೋಗಿದ್ದ. ಅತ್ತೆ, ಸೊಸೆ, ಮಗಳು ಮೂವರೂ ಹಿತ್ತಲಿನಲ್ಲಿ ಹೊದಿಕೆ ಒಗೆಯುತ್ತಿದ್ದರು. ಅಪ್ಪನನ್ನು ನೋಡಿಕೊಳ್ಳುತ್ತೇನೆಂದ ಮೈದುನ ಫ್ಯಾನಿಲ್ಲದ ಸೆಕೆಗೆ ಚಾಪೆಯ ಮೇಲೆ ಒರಗಿ, ಹಾಗೇ ಕಣ್ಣು ಮುಚ್ಚಿದ್ದ. ಹೊದಿಕೆ ಹಿಂಡಿ ಒಳಗೆ ಬಂದ ಸೊಸೆಗೆ ಕಂಡದ್ದು ತೆರೆದ ಬಾಗಿಲು.

“ಮಾವ ಎಲ್ಲಿ?”

ಮೈದುನ ಧಡಕ್ಕನೆ ಎದ್ದ. “ಇಲ್ಲೇ ಇದ್ರಲ್ಲ! ಈಗ ತಾನೇ ಇಲ್ಲೇ...”

“ಗಾಬರಿ ಆಗ್ಬೇಡ್ವೋ,” ಎಂದರು ಅತ್ತೆ. “ಎಲ್ಲೋ ಬೋರ್ಡ್ ಕೆಳಗೆ ನಿಂತಿರ್ತಾರೆ. ಫೋನ್ ಬರುತ್ತೆ.”

ಬಟ್ಟೆಚೀಲದಿಂದ ಫೋನು ತೆಗೆದು ಮೇಜಿನ ಮೇಲಿಟ್ಟು ಸುತ್ತ ಕೂತರು. ಬರಲಿಲ್ಲ. ಮೈದುನ ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಓಡಿದ. ಮಗಳು ಬ್ರೆಡ್ ಅಂಗಡಿಗೆ ಹೋಗಿ ಬಂದಳು, ಅಲ್ಲಿಲ್ಲ. ಕ್ಷೌರದಂಗಡಿಯಲ್ಲೂ ಇಲ್ಲ. ಮೈದುನ ಬಸ್ ನಿಲ್ದಾಣದ ತನಕ ಹೋಗಿ ಬೆವರಿಳಿಸಿಕೊಂಡು ಬರಿಗೈಲಿ ವಾಪಸ್ಸು ಬಂದ. ಅಷ್ಟು ಹೊತ್ತಾದರೂ ಒಂದು ಫೋನೂ ಇಲ್ಲ ಎಂದ ಮೇಲೆ ಅತ್ತೆಯ ಧೈರ್ಯವೂ ಜಾರತೊಡಗಿತು.

“ಯಾವತ್ತೂ ಹೀಗಾಗಿಲ್ಲ,” ಎಂದರು. “ಯಾರಾದ್ರೂ ಮಾಡ್ತಿದ್ರು. ಯಾರೋ ಒಬ್ರು ಮಾಡೇ ಮಾಡ್ತಿದ್ರು.”

ಸೊಸೆ ಮೇಜಿನ ಮೇಲಿನ ಫೋನನ್ನೇ ನೋಡುತ್ತಿದ್ದಳು. ಎಲ್ಲೋ ಹೊಲಿಗೆ ಬಿಟ್ಟಿದೆ ಎಂದು ಕೈಗೆ ಮೊದಲು ಗೊತ್ತಾಗಿ ಕಣ್ಣಿಗೆ ಆಮೇಲೆ ಕಾಣುವ ಹಾಗಾಯಿತು ಅವಳಿಗೆ. ತನ್ನ ಫೋನು ತೆಗೆದು ನಂಬರು ಒತ್ತಿದಳು. ‘ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದಲ್ಲಿಲ್ಲ.’ ಎರಡೂ ಫೋನುಗಳ ನಡುವೆ ಒಂದು ಗೇಣೂ ಇರಲಿಲ್ಲ.

ತಲೆಯೆತ್ತಿ ಗೋಡೆ ನೋಡಿದಳು. ಮಗಳ ಪಾಠಕ್ಕೆಂದು ಹಾಕಿಸಿದ್ದ ವೈಫೈ ಪೆಟ್ಟಿಗೆಯ ದೀಪ ಕರೆಂಟಿಲ್ಲದೆ ಆರಿತ್ತು. ಅವತ್ತು ಅಡುಗೆಮನೆ, ಹಿತ್ತಲು, ಮೆಟ್ಟಿಲು ಎಂದು ಮೂರು ಕಡೆ ನಿಂತು ಚೆಕ್ ಮಾಡಿದ್ದಳು. ಮೂರೂ ಸಲ ಹೊಸ ಫೋನು ಮಾತ್ರ ನಡುಮನೆಯಲ್ಲಿ, ಆ ಪೆಟ್ಟಿಗೆಯ ಆಸರೆಯಲ್ಲೇ ಇತ್ತು.

“ಇದು ಟವರಿಂದ ನಡೀತಾ ಇರಲಿಲ್ಲ,” ಎಂದಳು. “ವೈಫೈಯಿಂದ ನಡೀತಿತ್ತು. ಅತ್ತೆ, ಸಂತೇಲೂ ಇದು ಸತ್ತೇ ಇತ್ತು. ಯಾರೋ ಫೋನ್ ಮಾಡ್ತಾ ಇದ್ದಾರೆ, ನಮಗೆ ಬರ್ತಾ ಇಲ್ಲ.”

ಮೈದುನ ಹಣೆ ಚಚ್ಚಿಕೊಂಡ. “ನಾನು ತಂದ ಫೋನು. ನಾನೇ ನಿದ್ದೆ ಮಾಡಿದ್ದು. ಎಲ್ಲಾ ನಂದೇ.”

“ಅಳೋದು ಆಮೇಲೆ. ಹಳೇ ನೆಟ್‌ವರ್ಕ್ ಇನ್ನೂ ನಿಂತಿಲ್ಲ, ಈ ತಿಂಗಳ ಕೊನೆ ತನಕ ಇದೆ. ಆ ಗುಂಡಿ ಫೋನು ಎಲ್ಲಿ? ಗುಜರಿಗೆ ಹಾಕಿದ್ರಾ?” ಎಂದಳು ಸೊಸೆ.

ಅತ್ತೆ ನಿಧಾನವಾಗಿ ಎದ್ದು, ಕಪಾಟಿನಿಂದ ಮಾವನ ಕುಂಚಗಳ ತಗಡಿನ ಡಬ್ಬಿ ತೆಗೆದರು. ಒಣಗಿದ ಕುಂಚಗಳ ಕೆಳಗೆ, ಒಂದು ಕರವಸ್ತ್ರದಲ್ಲಿ ಸುತ್ತಿ, ಹಳೇ ಫೋನು ಮಲಗಿತ್ತು. ಸೊಸೆ ಗುಂಡಿ ಒತ್ತಿದಳು. ದೀಪ ಹತ್ತಿತು. ಚಾರ್ಜು ಭರ್ತಿಯಾಗಿತ್ತು.

“ಅತ್ತೆ! ದಿನಾ ಚಾರ್ಜ್ ಮಾಡ್ತಿದ್ರಾ?”

“ನೀನು ಮೊದಲ್ನೇ ದಿನ ಹೇಳಿದ್ದು ನನ್ನ ಮನಸ್ಸಲ್ಲೇ ಕೂತಿತ್ತು ಕಣೆ,” ಎಂದರು ಅತ್ತೆ ಮುಖ ತಗ್ಗಿಸಿ. “ಇವನು ನೊಂದ್ಕೋತಾನೆ ಅಂತ ನಿನ್ನ ಬೈದೆ. ಒಳಗೆ ಭಯ ಇತ್ತು.”

ಸೊಸೆ ಹೊಸ ಫೋನಿನಿಂದ ಸಿಮ್ ತೆಗೆದು ಹಳೆಯದಕ್ಕಿಡಲು ಹೋದಳು. ಕತ್ತರಿಸಿದ ಸಿಮ್ಮು ಅಗಲದ ಗೂಡಿನಲ್ಲಿ ಅತ್ತಿಂದಿತ್ತ ಜಾರಿತು.

“ಹೋಯ್ತು, ಕೂರಲ್ಲ ಅದು,” ಎಂದ ಮೈದುನ.

ಸೊಸೆ ಆಗಲೇ ಗುಂಡಿ ಡಬ್ಬಿಯನ್ನು ನೆಲಕ್ಕೆ ಸುರಿದಿದ್ದಳು. ಬಿಳಿ ಗುಂಡಿ, ಕಪ್ಪು ಗುಂಡಿ, ಹುಕ್ಕು, ಸೂಜಿಗಳ ನಡುವೆ ಆ ಪ್ಲಾಸ್ಟಿಕ್ ಚೌಕಟ್ಟು ಸಿಕ್ಕಿತು. ಸಿಮ್ಮನ್ನು ಅದರೊಳಗೆ ಕೂರಿಸಿ, ಹಿಂಬದಿಗೆ ಒಂದು ಚೂರು ಟೇಪು ಅಂಟಿಸಿ, ಗೂಡಿಗೆ ತಳ್ಳಿದಳು. ಅತ್ತೆ ಅವಳನ್ನು ನೋಡಿದರು. ಅವಳು ಅತ್ತೆಯನ್ನು ನೋಡಿದಳು. ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಅರ್ಧರ್ಧ ಎತ್ತಿಟ್ಟುಕೊಂಡಿದ್ದರು.

ಫೋನು ಜೀವ ತಳೆದು, ಸಿಗ್ನಲ್ಲಿನ ಕಡ್ಡಿಗಳು ಒಂದೊಂದಾಗಿ ಎದ್ದವು. ಎಲ್ಲರೂ ಅದನ್ನೇ ನೋಡುತ್ತ ಕಾದರು. ಫೋನು ತನ್ನ ಹಳೇ ಕರ್ಕಶ ದನಿಯಲ್ಲಿ ಬಡಿದುಕೊಂಡಿತು. ಅಷ್ಟು ಇಂಪಾದ ಸದ್ದನ್ನು ಆ ಮನೆ ಅದುವರೆಗೆ ಕೇಳಿರಲಿಲ್ಲ.

“ರೀ, ಎಷ್ಟು ಸಲ ಮಾಡೋದು ನಿಮಗೆ? ಸೈಕಲ್ ರಿಪೇರಿ ಅಂಗಡಿಯಿಂದ ಮಾತಾಡ್ತಿದ್ದೀನಿ, ರೈಲ್ವೆ ಗೇಟ್ ಪಕ್ಕ. ಇಲ್ಲೊಬ್ರು ಹಿರಿಯರು ನಮ್ಮ ಬೋರ್ಡ್ ಕೆಳಗೆ ನಿಂತಿದ್ದಾರೆ. ಕುರ್ಚಿ ಕೊಟ್ರೂ ಕೂರಲ್ಲ, ಕಳಿಸಿದ್ರೂ ಹೋಗಲ್ಲ. ‘ನಮ್ಮನೇಲಿ ಫೋನ್ ತೆಗೀತಾರೆ, ಮತ್ತೆ ಮಾಡು’ ಅಂತಾರೆ.”

ಎಲ್ಲರೂ ಒಂದೇ ಆಟೋದಲ್ಲಿ ತುರುಕಿಕೊಂಡು ಹೋದರು. ಮಾವ ಬಿಸಿಲಿಗೆ ಕೆಂಪಾಗಿ, ಮಾಸಿದ ಬೋರ್ಡಿನ ಕೆಳಗೆ ನೆಟ್ಟಗೆ ನಿಂತಿದ್ದರು. ಹೆಂಡತಿಯನ್ನು ಕಂಡವರೇ ರೇಗಿದರು.

“ಏನ್ರಿ ಅಕ್ಕಾವ್ರೇ, ಹೀಗೆ ಫೋನ್ ತೆಗೀದೇ ಇದ್ರೆ ಕೆಲಸ ಸಿಗುತ್ತಾ? ಬಂದ ಗಿರಾಕಿ ಬೇರೆಯವರ ಪಾಲಾಗ್ತಾರೆ.”

“ತಪ್ಪಾಯ್ತು,” ಎಂದರು ಅತ್ತೆ, ನಗುತ್ತ, ಕಣ್ಣೊರೆಸಿಕೊಳ್ಳುತ್ತ. ಮೈದುನ ಅಪ್ಪನ ಕಾಲ ಬಳಿ ಕೂತು, ಬಿಚ್ಚಿಹೋಗಿದ್ದ ಚಪ್ಪಲಿಯ ಪಟ್ಟಿಯನ್ನು ಬಿಗಿದ. ತುಂಬ ಹೊತ್ತು ಬಿಗಿದ. ಸೊಸೆ ಅವನ ಹೆಗಲ ಮೇಲೆ ಕೈಯಿಟ್ಟಳು.

“ಏಳಿ. ಪಾಸ್ ಅಂತ ಅಂಟಿಸಿದವಳು ನಾನು. ಸಂತೆ ದಿನಾನೇ ಅನುಮಾನ ಬಂದಿತ್ತು, ಬಾಯಿ ಬಿಡಲಿಲ್ಲ.”

“ನೀವು ಬಾಯಿ ಬಿಡೋ ಹಾಗೆ ನಾನೆಲ್ಲಿ ಇಟ್ಟಿದ್ದೆ ಅತ್ತಿಗೆ?” ಎಂದ ಅವನು. ಆ ದಿನದಿಂದ ‘ಮೇಡಂ’ ಹೋಯಿತು.

ಮಾರನೇ ದಿನ ಸೊಸೆ ಅರ್ಧ ದಿನ ರಜೆ ಹಾಕಿದಳು. ಅವಳೂ ಮೈದುನನೂ ಕಂಪನಿಯ ಅಂಗಡಿಗೆ ಹೋದರು. ಕೌಂಟರಿನ ಹುಡುಗಿ ಫೋನಿನಲ್ಲಿ ಸ್ಟಾರ್, ಹ್ಯಾಶ್, ಸೊನ್ನೆ ಆರು ಎಂದು ಏನೋ ಒತ್ತಿಸಿ, ಮೂಡಿದ ಹದಿನೈದು ಅಂಕಿಯನ್ನು ಕಂಪ್ಯೂಟರಿಗೆ ಹೊಡೆದು ತಲೆಯಾಡಿಸಿದಳು. “ಅನ್‌ಲಾಕ್ ಆಗಿದೆ ಸರ್, ಅದು ನಿಜ. ಆದ್ರೆ ಈ ಕಡೆ ನಮ್ಮ ಟವರುಗಳು ಬಳಸೋ ಬ್ಯಾಂಡ್, ಅಂದ್ರೆ ಆ ಸಿಗ್ನಲ್ಲು, ಇದು ಹಿಡಿಯಲ್ಲ. ಬೇರೆ ದೇಶಕ್ಕೆ ಅಂತ ಮಾಡಿದ ಫೋನು. ವೈಫೈ ಇದ್ದಲ್ಲಿ ಮಾತ್ರ ನಡೆಯುತ್ತೆ.”

ಮೈದುನ ಸಿಟ್ಟಾಗಲಿಲ್ಲ. ಹಾಗಾದರೆ ಅದು ಮನೆಯಲ್ಲಿ ಕೂತು ಓದುವ ಮಗಳಿಗಿರಲಿ ಎಂದ. ಅಲ್ಲೇ ದೊಡ್ಡ ಅಂಕಿಗಳ ಒಂದು ಸಾದಾ ಹೊಸ ಫೋನು ಆರಿಸಿದ. ಆರಿಸಿ, ದುಡ್ಡು ಕೊಡುವ ಮುಂಚೆ, ಅದನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಿಗೆಗೆ ಕೊಟ್ಟ.

“ಚೆಕ್ ಮಾಡಿ.”

ಅವಳೂ ಮುಲಾಜಿಲ್ಲದೆ ಮಾಡಿದಳು. ಇದರ ಹದಿನೈದು ಅಂಕಿಯನ್ನೂ ಹುಡುಗಿಯ ಕೈಲಿ ಹೊಡೆಸಿ ನೋಡಿಸಿದಳು. ಸಿಮ್ ಹಾಕಿಸಿ, ಅವನ ಕೈಗೆ ಕೊಟ್ಟು, ರಸ್ತೆಯಾಚೆ ನಿಲ್ಲಿಸಿ ಕರೆ ಮಾಡಿದಳು. ಸಂತೆಯ ಮಧ್ಯೆ ಮಾಡಿದಳು, ಬಸ್ಸಿನೊಳಗೆ ಮಾಡಿದಳು. ಮನೆಗೆ ಬಂದ ಮೇಲೆ ವೈಫೈ ಪೆಟ್ಟಿಗೆಯ ವೈರು ಕಿತ್ತು ಮಾಡಿದಳು. ಪಾಠದ ನಡುವೆ ಇದ್ದ ಮಗಳು ಕಿರುಚಿಕೊಂಡಳು. ಹಸಿರು ಚುಕ್ಕಿಯನ್ನು ಮಾತ್ರ ಅಂಟಿಸಲಿಲ್ಲ.

“ಯಾಕೆ, ಇನ್ನೂ ಪಾಸ್ ಆಗಿಲ್ವಾ?” ಎಂದ ಗಂಡ.

“ಮಾವ ಎಲ್ಲಿ ನಿಲ್ತಾರೋ ಅಲ್ಲಿಂದ ಬರ್ಬೇಕು,” ಎಂದಳು.

ಮೈದುನ ಹಡಗಿಗೆ ಹೊರಡುವ ಹಿಂದಿನ ಸಂಜೆ ಅಪ್ಪನ ಕೈಹಿಡಿದು ತಿರುಗಾಡಲು ಹೋದ. ಮನೆಯಲ್ಲಿ ಅವನಿಗೆ ಬುತ್ತಿ ಕಟ್ಟುವ ಗಡಿಬಿಡಿ. ರಾತ್ರಿಯ ಊಟದ ಅಡುಗೆಯಂತೂ ಮುಗಿದು, ಅನ್ನದ ಪಾತ್ರೆಯನ್ನು ಮುಚ್ಚಿಟ್ಟಾಗಿತ್ತು. ಅತ್ತೆಯ ಕೊರಳಿನ ಚೀಲದಲ್ಲಿ ಫೋನು ಹೊಡೆದುಕೊಂಡಿತು. ಅವರ ಎರಡೂ ಕೈ ಹಿಟ್ಟಾಗಿತ್ತು.

“ನೀನೇ ತಗೊಳೆ.”

ಸೊಸೆ ಅತ್ತೆಯ ಕೊರಳಿಗೆ ಬಗ್ಗಿ ಫೋನು ತೆಗೆದು ಕಿವಿಗಿಟ್ಟಳು. ಗೊತ್ತಿಲ್ಲದ ನಂಬರು. ಹಿಂದೆ ರೈಲ್ವೆ ಗೇಟಿನ ಗಂಟೆ, ಸೈಕಲ್ಲಿನ ಟಿಣ್‌ಟಿಣ್, ‘ಅಪ್ಪಾ, ನೀನೇ ಮಾತಾಡು’ ಎನ್ನುವ ಮೈದುನನ ದನಿ. ಆಮೇಲೆ ಮಾವನ ಗಂಟಲು, ಅವಳು ಮದುವಣಗಿತ್ತಿಯಾಗಿ ಬಂದ ವರ್ಷದಲ್ಲಿ ಹೇಗಿತ್ತೋ ಹಾಗೇ, ದಿನದ ಕೆಲಸ ಮುಗಿಸಿ ದಣಿದವರದು.

“ಹೊರಟೆ. ಅನ್ನಕ್ಕಿಡು.”

ಫೋನು ಇಟ್ಟಾಗಿತ್ತು.

“ಯಾರೇ ಅದು?” ಎಂದರು ಅತ್ತೆ.

ಸೊಸೆ ಫೋನನ್ನು ಅತ್ತೆಯ ಚೀಲಕ್ಕೆ ಮರಳಿ ಇಳಿಸಿದಳು. ಅವಳ ಮುಖ ನೋಡಿಯೇ ಅತ್ತೆಗೆ ತಿಳಿಯಿತು. ಹಿಟ್ಟಿನ ಕೈಗಳನ್ನು ಹಾಗೇ ಹಿಡಿದುಕೊಂಡು ಕೂತುಬಿಟ್ಟರು. ಸೊಸೆ ಕಣ್ಣೊರೆಸಿಕೊಂಡು, ಡಬ್ಬಿಯಿಂದ ಒಂದು ಹಿಡಿ ಅಕ್ಕಿ ತೆಗೆದು, ತೊಳೆದು, ಹೊಸದಾಗಿ ಒಲೆ ಹಚ್ಚಿದಳು.